ಗುಮಾನಿಯಕ್ಕನ ಎರಡನೇ ಬ್ಯಾಟರಿ

ಬೀದಿಯವರು ಆಕೆಯನ್ನು ಎದುರಿಗೆ ಅಕ್ಕ ಅನ್ನುತ್ತಿದ್ದರು, ಬೆನ್ನ ಹಿಂದೆ ಗುಮಾನಿಯಕ್ಕ ಅನ್ನುತ್ತಿದ್ದರು. ಬೆನ್ನ ಹಿಂದೆ ಅನ್ನುತ್ತಾರೆಂಬುದು ಆಕೆಗೂ ಗೊತ್ತಿತ್ತು. ಅಂಥದ್ದೇನೋ ನಡೆಯುತ್ತಿರಬೇಕು ಎಂದು ಮೊದಲೇ ಅನುಮಾನಿಸಿದ್ದಳು.

ಅಂಗಡಿಯವನು ತೂಕ ಹಾಕುವಾಗ ಆಕೆಯ ಕಣ್ಣು ಸಾಮಾನಿನ ಮೇಲಿರುತ್ತಿರಲಿಲ್ಲ, ಅವನ ಬೆರಳಿನ ಮೇಲಿರುತ್ತಿತ್ತು. ಯಾರಾದರೂ "ನಿಮ್ಮನ್ನ ನೋಡಿ ಸಂತೋಷವಾಯ್ತು" ಎಂದರೆ, ಯಾಕಪ್ಪ ಸಂತೋಷ, ಏನು ಬೇಕಾಗಿದೆ ಇವರಿಗೆ ಎಂದು ಮನೆಗೆ ಬರುವವರೆಗೂ ಲೆಕ್ಕ ಹಾಕುತ್ತಿದ್ದಳು. ಇದು ಹುಟ್ಟುಗುಣವಲ್ಲ. ಗಂಡ ಬದುಕಿದ್ದಾಗ ಅವನ ಜೀವದ ಗೆಳೆಯನೊಬ್ಬ ಇವರಿಗೆ ಹಳೆಯ ವ್ಯಾನೊಂದನ್ನು ಮಾರಿದ್ದ. ಹೊಸ ಬಣ್ಣ, ಹೊಸ ಸೀಟು, ಮದುಮಗನಂತೆ ಮಿಂಚುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ಸೀಟಿನ ಕೆಳಗಿನ ತಗಡು ಕಳಚಿ ಬಿದ್ದು, ಗಂಡನ ಪಾದದ ಹತ್ತಿರ ಓಡುವ ರಸ್ತೆ ಕಾಣಿಸಿತು. ತುಕ್ಕಿನ ಮೇಲೆ ಮೆತ್ತಿ ಬಣ್ಣ ಹೊಡೆದಿದ್ದರು. ಗಂಡ ನಕ್ಕು ಸುಮ್ಮನಾದ. ಆಕೆ ನಗಲಿಲ್ಲ. ಅಂದಿನಿಂದ ಹೊಳೆಯುವುದನ್ನು ಕಂಡರೆ ಉಗುರಿನಿಂದ ಕೆರೆದು ನೋಡುವ ಅಭ್ಯಾಸವಾಯಿತು.

ಗಂಡ ಕಾಯಿಲೆ ಬಿದ್ದಾಗ ಅವನಿಂದಲೇ ಆ ವ್ಯಾನ್ ಓಡಿಸುವುದನ್ನು ಕಲಿತಳು. ಅವನು ಹೋದ ಮೇಲೆ ಶಾಲೆಯ ಮಕ್ಕಳನ್ನು ಕರೆದೊಯ್ದಳು, ಮದುವೆ ಮನೆಗೆ ಪಾತ್ರೆ ಸಾಗಿಸಿದಳು. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಒಂದು ಕೆಲಸ ಸಿಕ್ಕಿತು. ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಅಲ್ಲಿ ಎದೆಹಾಲಿನ ಬ್ಯಾಂಕ್ ಇತ್ತು. ಊರಿನಲ್ಲಿ ತಮ್ಮ ಕೂಸು ಕುಡಿದು ಮಿಕ್ಕುವಷ್ಟು ಹಾಲಿರುವ ತಾಯಂದಿರು ಅದನ್ನು ಪುಟ್ಟ ಬಾಟಲಿಗಳಲ್ಲಿ ತೆಗೆದಿಡುತ್ತಿದ್ದರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮನೆ ಮನೆಗೆ ಹೋಗಿ ಅದನ್ನು ತಂದು ವಾರ್ಡಿನ ಸಿಸ್ಟರ್ ಕೈಗೆ ಒಪ್ಪಿಸುವುದು ಆಕೆಯ ಕೆಲಸ. ಹೇಳಿ ಮಾಡಿಸಿದ ಕೆಲಸ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಂಬಿದವಳಿಗಿಂತ ಒಳ್ಳೆಯ ಕಾವಲು ಹಾಲಿಗೆ ಬೇರೆ ಯಾರಿದ್ದಾರು? ಬಾಟಲಿಯ ಮುಚ್ಚಳ ತಿರುಗಿಸಿ ನೋಡುವಳು, ಹೆಸರಿನ ಚೀಟಿ ಎರಡು ಸಲ ಓದುವಳು, "ಯಾವಾಗ ತೆಗೆದದ್ದಮ್ಮ? ಕೈ ತೊಳೆದಿದ್ಯಾ?" ಎಂದು ಬಾಣಂತಿಯರನ್ನು ಪೊಲೀಸರಂತೆ ವಿಚಾರಿಸುವಳು.

ಮೊದಲು ಮಂಜುಗಡ್ಡೆಯ ಡಬ್ಬಿಯಿತ್ತು. ಆಮೇಲೆ ಆಸ್ಪತ್ರೆಯವರು ವ್ಯಾನಿನಲ್ಲಿಡುವ ಪುಟ್ಟ ಫ್ರಿಜ್ ಕೊಡಿಸಿದರು. ಗಾಡಿಯ ಬ್ಯಾಟರಿಯಿಂದಲೇ ಅದು ನಡೆಯುತ್ತಿತ್ತು. ಒಂದು ದಿನ ರಸ್ತೆಗೆ ಮರ ಬಿದ್ದು ವಾಹನಗಳೆಲ್ಲ ಸಾಲಾಗಿ ನಿಂತವು. ಆಕೆಯೂ ಇಂಜಿನ್ ನಿಲ್ಲಿಸಿ ಕಾದಳು. ಮರ ಎಳೆದು ದಾರಿ ಬಿಟ್ಟಾಗ ಕೀಲಿ ತಿರುಗಿಸಿದರೆ ಸೆಲ್ಫ್ ತಗೊಳ್ಳಲೇ ಇಲ್ಲ. ಕಟ್ ಕಟ್ ಎಂದು ಹಲ್ಲಿ ಲೊಚಗುಟ್ಟಿದ ಹಾಗೆ ಸದ್ದು, ಅಷ್ಟೇ. ಫ್ರಿಜ್ ಅಷ್ಟೂ ಹೊತ್ತು ಬ್ಯಾಟರಿಯನ್ನು ಹೀರಿತ್ತು. ದಾರಿಹೋಕರು ಗಾಡಿ ತಳ್ಳಿದರು. ತಳ್ಳುವವರಲ್ಲಿ ಯಾರು ಹಿಂದಿನ ಬಾಗಿಲಿಗೆ ಕೈ ಹಾಕುತ್ತಾರೋ ಎಂದು ಕನ್ನಡಿಯಲ್ಲಿ ನೋಡುತ್ತಲೇ ಆಕೆ ಸ್ಟೇರಿಂಗ್ ಹಿಡಿದಿದ್ದಳು. ಆಸ್ಪತ್ರೆ ತಲುಪುವಷ್ಟರಲ್ಲಿ ಹಾಲು ಬೆಚ್ಚಗಾಗಿತ್ತು. ಸಿಸ್ಟರ್ ಅಷ್ಟನ್ನೂ ತೊಟ್ಟಿಗೆ ಸುರಿದಳು. ಆ ಬಾಟಲಿಗಳಲ್ಲಿ ಒಂದು, ತನ್ನ ಕೂಸನ್ನೇ ಕಳೆದುಕೊಂಡ ತಾಯಿಯೊಬ್ಬಳು ಕೊಟ್ಟದ್ದು. ಗುಮಾನಿಯಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

"ಫ್ರಿಜ್ಜಿಗೇ ಅಂತ ಇನ್ನೊಂದು ಬ್ಯಾಟರಿ ಹಾಕಿಸ್ಕೊಳ್ಳಿ," ಎಂದಳು ಸಿಸ್ಟರ್. ಹಾಕಿಸಬಹುದು. ಆದರೆ ಯಾರ ಕೈಲಿ?

ಊರಿನ ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಆಕೆಯ ಅಳಿಯನೇ. ಕಷ್ಟವಿದ್ದದ್ದೂ ಅಲ್ಲೇ. ಎರಡು ವರ್ಷದ ಹಿಂದೆ ವ್ಯಾನಿನ ಹಾರ್ನ್ ಕೆಟ್ಟಾಗ ಮನೆಗೆ ಬಂದಿದ್ದ ಹುಡುಗ ಅವನು. "ಹಾರ್ನ್ ರಿಪೇರಿಗೆ ಕೊಟ್ರೆ ಮಗಳನ್ನೇ ಹೊಡ್ಕೊಂಡು ಹೋದ," ಎಂದು ಆಕೆ ಎದುರು ಅಂಗಡಿಯ ಟೈಲರ್ ಹತ್ತಿರ ಗೊಣಗುತ್ತಿದ್ದಳು. ಮದುವೆಗೆ ಒಪ್ಪಿದ್ದಳು, ನಿಜ. ಆದರೆ ಅಳಿಯನೊಡನೆ ನೇರವಾಗಿ ಮಾತಾಡುವುದಕ್ಕೆ ಒಪ್ಪಿರಲಿಲ್ಲ. ಅವನು ಎದುರಿಗೇ ಕೂತಿದ್ದರೂ ಮಗಳ ಕಡೆ ತಿರುಗಿ, "ಅವರಿಗೆ ಹೇಳು, ಅನ್ನ ಬೇಕಾದ್ರೆ ಹಾಕಿಸ್ಕೋಬೇಕಂತೆ," ಅನ್ನುವಳು. ಅವನೂ ಮಗಳಿಗೇ "ಅತ್ತೆಗೆ ಹೇಳು, ಸಾಕು ಅಂತ," ಅನ್ನುವನು. ನಡುವೆ ಮಗಳು ಟೆಲಿಫೋನ್ ಕಂಬದಂತೆ ನಿಂತಿರುವಳು.

ಆದ್ದರಿಂದ ಗುಮಾನಿಯಕ್ಕ ಮೊದಲು ಬೇರೆ ಅಂಗಡಿಗಳನ್ನು ಸುತ್ತಿದಳು. ಒಬ್ಬ, "ಎರಡು ಬ್ಯಾಟರಿಗೂ ಒಂದು ವೈರ್ ಎಳೆದು ಜೋಡಿಸಿದ್ರೆ ಮುಗೀತು," ಎಂದ. ಹಾಗಾದರೆ ಫ್ರಿಜ್ ಎರಡನ್ನೂ ಕುಡಿದು ಮುಗಿಸುವುದಿಲ್ಲವೇ ಎಂದು ಕೇಳಿದ್ದಕ್ಕೆ ಅವನಿಗೆ ಫೋನ್ ಬಂತು. ಇನ್ನೊಬ್ಬ ಲಾರಿಯ ಬ್ಯಾಟರಿ ತೋರಿಸಿ ಹೊಚ್ಚ ಹೊಸದು, ಇದನ್ನೇ ಹಾಕಿಸಿಕೊಳ್ಳಿ ಎಂದ. ಅದರ ಮೂಲೆಯನ್ನು ಉಗುರಿನಿಂದ ಕೆರೆದಾಗ ಹಳೆಯ ಚೀಟಿಯ ಗೋಂದು ಸಿಕ್ಕಿತು. ಅಲ್ಲಿಂದ ಎದ್ದು ಬಂದವಳು, ಗತಿಯಿಲ್ಲದೆ ಮಗಳಿಗೆ ಹೇಳಿದಳು: "ಅವರಿಗೆ ಹೇಳು, ಬಂದು ನೋಡ್ಬೇಕಂತೆ."

ಅಳಿಯ ಬಂದ. ಆಕೆ ಕುರ್ಚಿ ಹಾಕಿಕೊಂಡು ವ್ಯಾನಿನ ಬಾಗಿಲಲ್ಲೇ ಕೂತಳು. ಅವನು ಡ್ರೈವರ್ ಸೀಟಿನ ಹಿಂದೆ ಗಾಳಿಯಾಡುವ ಪೆಟ್ಟಿಗೆಯಲ್ಲಿ ಎರಡನೇ ಬ್ಯಾಟರಿ ಕೂರಿಸಿ, ಅಲುಗದಂತೆ ಪಟ್ಟಿ ಬಿಗಿದ. ಹೆಬ್ಬೆರಳಿನಷ್ಟು ದಪ್ಪದ ವೈರನ್ನು ಮುಂದಿನಿಂದ ಹಿಂದಕ್ಕೆ ಎಳೆದ. ಎರಡೂ ಬ್ಯಾಟರಿಗಳ ಪಕ್ಕದಲ್ಲೇ ಒಂದೊಂದು ಫ್ಯೂಸ್ ಇಟ್ಟ. ಅರ್ಥ್ ವೈರ್ ಸಿಕ್ಕಿಸುವ ಕಡೆ ಬಣ್ಣ ಹೋಗುವಂತೆ ತಗಡನ್ನು ಉಜ್ಜಿ ಬೆಳ್ಳಗೆ ಮಾಡಿದ. ಕೆರೆದು ನೋಡುವ ಆ ಕೆಲಸ ಮಾತ್ರ ಆಕೆಗೆ ಹಿಡಿಸಿತು, ಹೇಳಲಿಲ್ಲ. ಕೊನೆಗೆ ಎರಡು ಬ್ಯಾಟರಿಗಳ ನಡುವೆ ಅಂಗೈಯಗಲದ ಕಪ್ಪು ಪೆಟ್ಟಿಗೆಯೊಂದನ್ನು ಸೇರಿಸಿದ.

"ಅದೇನಂತೆ ಕೇಳು," ಎಂದಳು ಮಗಳಿಗೆ.

"ಇದು ಐಸೊಲೇಟರ್ ಅಂತ," ಎಂದ ಅಳಿಯ, ವೈರಿನ ತುದಿಯನ್ನು ನೋಡುತ್ತ. "ಎರಡು ನೀರಿನ ತೊಟ್ಟಿ ಇದ್ದ ಹಾಗೆ. ಗಾಡಿ ಓಡುವಾಗ ಮೊದಲನೇ ತೊಟ್ಟಿ ತುಂಬುತ್ತೆ. ಅದು ತುಂಬಿದ ಮೇಲೆ ಈ ಪೆಟ್ಟಿಗೆ ಬಾಗಿಲು ತೆಗೆಯುತ್ತೆ, ಎರಡನೇದಕ್ಕೆ ಹರಿಯುತ್ತೆ. ಇಂಜಿನ್ ನಿಂತ್ರೆ ಬಾಗಿಲು ಮುಚ್ಚುತ್ತೆ. ಫ್ರಿಜ್ ಎರಡನೇದ್ರಿಂದ ಮಾತ್ರ ಕುಡಿಯುತ್ತೆ. ಗಾಡಿ ಸ್ಟಾರ್ಟ್ ಮಾಡೋ ಬ್ಯಾಟರಿಗೆ ಬಾಯಿ ಹಾಕೋ ಹಾಗಿಲ್ಲ."

ಮಾತು ಸರಿಯಾಗಿಯೇ ಇತ್ತು. ಸರಿಯಾದ ಮಾತಾಡುವವರನ್ನು ಕಂಡರೇ ಆಕೆಗೆ ಹೆಚ್ಚು ಭಯ. ಅವನು ಕೈ ತೊಳೆಯಲು ಹೋದಾಗ ಮಗಳ ಉಗುರುಬಣ್ಣದ ಶೀಶೆ ತಂದು ಹೊಸ ಬ್ಯಾಟರಿಯ ಮೂಲೆಗೆ ಒಂದು ಕೆಂಪು ಚುಕ್ಕೆ ಇಟ್ಟಳು. ನಾಳೆ ಹೊಸದನ್ನು ಎತ್ತಿ ಹಳೆಯದನ್ನು ಇಟ್ಟು ಕಿವಿಗೆ ಹೂವಿಟ್ಟರೆ ಗೊತ್ತಾಗಬೇಕಲ್ಲ.

ಕೆಲವು ವಾರ ಎಲ್ಲ ಸರಿಹೋಯಿತು. ಆಮೇಲೆ ಬೆಳಗಿನ ಸುತ್ತು ಮುಗಿಯುವ ಹೊತ್ತಿಗೆ ಫ್ರಿಜ್ಜಿನ ಒಳಗಿನ ಥರ್ಮಾಮೀಟರ್ ಮೆಲ್ಲಗೆ ಏರತೊಡಗಿತು. ನಾಲ್ಕು ಡಿಗ್ರಿ ದಾಟಬಾರದು ಎಂದು ಸಿಸ್ಟರ್ ಹೇಳಿದ್ದಳು. ನಾಲ್ಕರ ಅಂಚಿಗೆ ಬಂದು ನಿಂತಿತು. ಆಕೆ ತಡಮಾಡದೆ ಹೇಳಿ ಕಳಿಸಿದಳು. ಅಳಿಯ ಬಂದು, ಬ್ಯಾಟರಿಗೆ ಮೀಟರ್ ಹಿಡಿದು ನೋಡಿದ. ಅವನ ಮುಖ ಇಳಿದುಹೋದದ್ದು ಆಕೆಯ ಕಣ್ಣಿಗೆ ಬಿತ್ತು. ಅವನು ಯಾವುದೋ ಒಂದು ನಟ್ಟನ್ನು ಬಿಗಿ ಮಾಡಿ, "ಸರಿಹೋಗುತ್ತೆ ಅಂತ ಹೇಳು," ಎಂದು ಹೆಂಡತಿಗೆ ಹೇಳಿ ಹೊರಟ.

ಮರುದಿನದಿಂದ ನಿಜಕ್ಕೂ ಸರಿಹೋಯಿತು! ಬೇರೆ ಯಾರಾದರೂ ಆಗಿದ್ದರೆ ಸಮಾಧಾನ ಪಡುತ್ತಿದ್ದರು. ಗುಮಾನಿಯಕ್ಕನ ತಲೆಯಲ್ಲಿ ಹುಳ ಹೊಕ್ಕಿದ್ದೇ ಆಗ. ಸೊರಗಿದ ಬ್ಯಾಟರಿ ಒಂದು ನಟ್ಟು ಬಿಗಿ ಮಾಡಿದರೆ ಚೇತರಿಸಿಕೊಳ್ಳುತ್ತದೆಯೇ? ಹಾಗಿದ್ದರೆ ಅವನ ಮುಖ ಯಾಕೆ ಬಾಡಿತು? ಇಷ್ಟು ಸಾಲದೆಂಬಂತೆ ಮಗಳು ಪ್ರತಿ ಮಧ್ಯಾಹ್ನ ಬರತೊಡಗಿದಳು. ಬಂದವಳು, "ಅಮ್ಮ, ಓಡಾಡಿ ಸುಸ್ತಾಗಿರ್ತೀಯ, ಮಲಕ್ಕೋ," ಎಂದು ಕಾಲಿಗೆ ಎಣ್ಣೆ ತಿಕ್ಕುವಳು. ಹೆತ್ತ ಮಗಳು, ಚಿಕ್ಕಂದಿನಿಂದ ತಾಯಿಯ ಕಾಲು ಮುಟ್ಟಿದವಳಲ್ಲ. ಇಲ್ಲದ ಪ್ರೀತಿ ಎಲ್ಲಿಂದ ಉಕ್ಕಿತು? ಎಣ್ಣೆ ಹಿತವಾಗಿತ್ತು, ನಿದ್ದೆಯೂ ಬರುತ್ತಿತ್ತು. ನಿದ್ದೆ ಬರುತ್ತಿದ್ದುದೇ ಆಕೆಗೆ ಅನುಮಾನ.

ಒಂದು ದಿನ ಟೈಲರ್ ಸೂಜಿಗೆ ದಾರ ಪೋಣಿಸುತ್ತ, "ಅಕ್ಕ, ನಿಮ್ಮ ಅಳಿಯಂದ್ರಿಗೆ ನಿಮ್ಮ ಗಾಡಿ ಮೇಲೆ ಬಹಳ ಅಕ್ಕರೆ ಬಿಡಿ," ಎಂದ.

"ಯಾಕೆ?"

"ಅಲ್ಲ, ದಿನಾ ಮಧ್ಯಾಹ್ನ ನೀವು ಮಲಗಿದಾಗ ಬಂದು ನೋಡ್ಕೊಂಡು ಹೋಗ್ತಾರಲ್ಲ. ನಿಮಗೆ ಗೊತ್ತಿಲ್ವಾ?" ಗೊತ್ತಿಲ್ಲವೆಂದು ಅವನಿಗೂ ಗೊತ್ತಿತ್ತು. ಬೆಂಕಿ ಹಚ್ಚಿ ಚಳಿ ಕಾಯಿಸಿಕೊಳ್ಳುವ ಮನುಷ್ಯ ಅವನು.

ಆಕೆ ನೇರ ವ್ಯಾನಿಗೆ ಹೋಗಿ ಪೆಟ್ಟಿಗೆ ತೆರೆದು ನೋಡಿದಳು. ಕೆಂಪು ಚುಕ್ಕೆ ಇತ್ತು. ಆದರೆ ತಾನು ಬಾಗಿಲ ಕಡೆ ಇಟ್ಟದ್ದು ಈಗ ಸೀಟಿನ ಕಡೆ ತಿರುಗಿತ್ತು. ಅಡುಗೆಮನೆಯ ಮೊಳೆಯಲ್ಲಿ ನೇತುಹಾಕಿದ್ದ ಎರಡನೇ ಕೀಲಿಕೈ ನೆನಪಾಗಿ ಓಡಿದಳು. ಕೀಲಿಕೈ ಇತ್ತು. ಮೂಸಿದರೆ ಗ್ರೀಸ್ ವಾಸನೆ. ಅಂದರೆ ಮಗಳೂ ಸೇರಿಕೊಂಡಿದ್ದಾಳೆ. ಅಳಿಯ ಕಳ್ಳನಾದರೆ ಹೋಗಲಿ, ಹೊರಗಿನವನು. ಮಗಳೂ? ಆ ಸಂಜೆಯ ಸುತ್ತಿನಲ್ಲಿ ಆಕೆ ಯಾವ ಬಾಣಂತಿಯನ್ನೂ ಏನೂ ಕೇಳಲಿಲ್ಲ, ಕೊಟ್ಟದ್ದನ್ನು ತೆಗೆದುಕೊಂಡು ಬಂದಳು.

ಮರುದಿನ ಮಗಳು ಕಾಲು ತಿಕ್ಕುವಾಗ ಗುಮಾನಿಯಕ್ಕ ಕಣ್ಣು ಮುಚ್ಚಿ ಗೊರಕೆ ಹೊಡೆದಳು. ಸ್ವಲ್ಪ ಹೆಚ್ಚೇ ಹೊಡೆದಳೇನೋ ಎಂದು ಆಕೆಗೇ ಅನುಮಾನ ಬಂತು. ಮಗಳು ಎದ್ದು ಹೋದಳು. ಮೊಳೆಯಿಂದ ಕೀಲಿಕೈ ತೆಗೆದ ಸದ್ದು. ಹೊರಗೆ ವ್ಯಾನಿನ ಬಾಗಿಲು ಸರಿದ ಸದ್ದು. ಕಿಟಕಿಯ ಪರದೆ ಸರಿಸಿ ನೋಡಿದರೆ, ಅಳಿಯ ಎರಡೂ ಕೈಯಲ್ಲಿ ಬ್ಯಾಟರಿ ಎತ್ತಿಕೊಂಡು ಏದುಸಿರು ಬಿಡುತ್ತ ಸ್ಕೂಟರಿನ ಮುಂದೆ ಕಾಲಿಡುವ ಜಾಗದಲ್ಲಿ ಇಡುತ್ತಿದ್ದ. ಮಗಳು ಆ ಕಡೆ ಈ ಕಡೆ ನೋಡಿ ಕೈಬೀಸಿದಳು. ಅವನು ಹೊರಟ.

ಆಕೆ ಕೂಗಲಿಲ್ಲ. ಹಿತ್ತಿಲ ಬಾಗಿಲಿನಿಂದ ಹೊರಬಿದ್ದು, ಎಣ್ಣೆ ಹಚ್ಚಿದ ಕಾಲು ಚಪ್ಪಲಿಯಲ್ಲಿ ಜಾರುತ್ತಿದ್ದರೂ ಬಿಡದೆ, ಗಲ್ಲಿಗಳನ್ನು ದಾಟಿ ಅವನ ಗ್ಯಾರೇಜಿಗೆ ನಡೆದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಮಸೆಯುತ್ತಿದ್ದಳು. ಮಾಲು ಸಮೇತ ಹಿಡಿಯಬೇಕು. ಮಾರುತ್ತಿದ್ದಾನೋ, ಬಾಡಿಗೆಗೆ ಕೊಡುತ್ತಿದ್ದಾನೋ, ಒಳಗಿನದೇನಾದರೂ ತೆಗೆಯುತ್ತಿದ್ದಾನೋ?

ಗ್ಯಾರೇಜಿನ ಮೂಲೆಯಲ್ಲಿ ಬ್ಯಾಟರಿ ನೆಲದ ಮೇಲಿತ್ತು. ಅದರ ಟರ್ಮಿನಲ್‌ಗಳಿಗೆ ಕೆಂಪು ಕಪ್ಪು ಕ್ಲಿಪ್ ಕಚ್ಚಿಸಿ, ಗೋಡೆಯ ಚಾರ್ಜರ್‌ಗೆ ಜೋಡಿಸಿದ್ದ. ಅಳಿಯ ಅದರೆದುರು ಕುಕ್ಕರಗಾಲಲ್ಲಿ ಕೂತು ಮೀಟರನ್ನೇ ನೋಡುತ್ತಿದ್ದ.

"ಏನ್ ನಡೀತಿದೆ ಇಲ್ಲಿ?"

ಅವನು ಬೆಚ್ಚಿಬಿದ್ದು ಎದ್ದ. ಎದ್ದವನು ಅಭ್ಯಾಸಬಲದಿಂದ ಮಧ್ಯಸ್ಥಿಕೆಗೆ ಹೆಂಡತಿಯನ್ನು ಹುಡುಕಿದ. ಹೆಂಡತಿ ಇರಲಿಲ್ಲ.

"ನಿಮ್ಮನ್ನೇ ಕೇಳ್ತಿರೋದು!" ಎಂದಳು ಗುಮಾನಿಯಕ್ಕ. "ನನ್ನ ಬ್ಯಾಟರಿ ಇಲ್ಯಾಕಿದೆ?"

"ಚಾರ್ಜ್ ಮಾಡ್ತಿದೀನಿ ಅತ್ತೆ."

"ಓಡಿದ್ರೆ ತಾನೇ ತುಂಬುತ್ತೆ ಅಂದ್ರಲ್ಲ ಅವತ್ತು? ಎರಡು ತೊಟ್ಟಿ ಕಥೆ ಹೇಳಿದ್ರಲ್ಲ?"

ಅಳಿಯ ಕೈಯಲ್ಲಿದ್ದ ಬಟ್ಟೆಯಿಂದ ಇಲ್ಲದ ಗ್ರೀಸನ್ನು ಒರೆಸಿಕೊಂಡ. "ಓಡಿದ್ರೆ ತುಂಬುತ್ತೆ. ಆದ್ರೆ ನಿಮ್ಮ ಗಾಡಿ ಓಡೋದೆಲ್ಲಿ ಅತ್ತೆ? ಒಂದು ಮನೆ ಮುಂದೆ ನಿಂತು, ನಾಲ್ಕು ಹೆಜ್ಜೆ ಹೋಗಿ ಇನ್ನೊಂದು ಮನೆ ಮುಂದೆ ನಿಲ್ಲುತ್ತೆ. ಮೊದಲನೇ ತೊಟ್ಟಿ ತುಂಬೋದ್ರೊಳಗೆ ಇಂಜಿನ್ ಆಫ್. ಎರಡನೇದಕ್ಕೆ ತೊಟ್ಟು ಬಿದ್ರೆ ಬಿತ್ತು. ದಿನಾ ಸ್ವಲ್ಪ ಸ್ವಲ್ಪ ಸೊರಗ್ತಾ ಬಂತು. ಇದು ನನಗೆ ಮೊದಲೇ ಹೊಳೀಬೇಕಿತ್ತು. ನಿಮ್ಮ ಕೆಲಸ ಹೇಗೆ ಅಂತ ಕೇಳದೇ ವೈರ್ ಎಳೆದ್ಬಿಟ್ಟೆ. ತಪ್ಪು ನಂದು."

"ಕೇಳ್ಬೇಕಿತ್ತು!"

"ಯಾರನ್ನ ಕೇಳ್ಲಿ? ನೀವು ನನ್ನ ಹತ್ರ ಮಾತಾಡ್ತಿದ್ರಾ?"

ಗುಮಾನಿಯಕ್ಕ ಬಗ್ಗಿ ಬ್ಯಾಟರಿಯ ಮೂಲೆಯ ಕೆಂಪು ಚುಕ್ಕೆಯನ್ನು ನೋಡಿದಳು. ಅಳಿಯನೇ ಮುಂದುವರಿಸಿದ. ವ್ಯಾನಿನ ಮೇಲ್ಛಾವಣಿಗೆ ಹಾಕಲು ಸೋಲಾರ್ ಹಲಗೆಯೊಂದನ್ನು ತರಿಸಲು ಹೇಳಿದ್ದ, ಅದು ಬರುವವರೆಗೆ ಹೀಗೆ ಸಾಗಿಸೋಣ ಎಂದುಕೊಂಡಿದ್ದ. "ತಪ್ಪಾಯ್ತು ಅಂತ ಹೇಳಿದ್ರೆ ನೀವು ಅವತ್ತೇ ಎಲ್ಲಾ ಕಿತ್ತು ಬೀದಿಗೆ ಎಸೀತಿದ್ರಿ. ಹಾಲು ಮತ್ತೆ ಕೆಡ್ತಿತ್ತು. ಅದಕ್ಕೇ ಅವಳಿಗೆ ನಿಮ್ಮನ್ನ ಮಲಗಿಸೋಕೆ ಹೇಳಿದ್ದು."

ಕಿತ್ತು ಎಸೆಯುತ್ತಿದ್ದೆನೇ ಎಂದು ಆಕೆ ತನ್ನನ್ನೇ ಕೇಳಿಕೊಂಡಳು. ಎಸೆಯುತ್ತಿದ್ದಳು. ಈ ಉತ್ತರದ ಬಗ್ಗೆ ಮಾತ್ರ ಆಕೆಗೆ ಯಾವ ಅನುಮಾನವೂ ಬರಲಿಲ್ಲ. ಅವನು ಮುಚ್ಚಿಟ್ಟದ್ದು ನಿಜ, ತನ್ನ ಗುಮಾನಿ ಸುಳ್ಳಾಗಲಿಲ್ಲ. ಆದರೆ ಮುಚ್ಚಿಟ್ಟದ್ದು ಇದನ್ನೇ? ಸೋಲೂ ಅಲ್ಲದ ಗೆಲುವೂ ಅಲ್ಲದ ಆ ಸಂಗತಿ ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪವಾಯಿತು.

ಅಷ್ಟರಲ್ಲಿ ಫೋನ್ ಬಂತು. ವಾರ್ಡಿನ ಸಿಸ್ಟರ್. ಒಂದೇ ಹೆರಿಗೆಯಲ್ಲಿ ಮೂರು ಕೂಸು, ತಿಂಗಳು ತುಂಬಿಲ್ಲ, ತಾಯಿಗೆ ಜ್ಞಾನವಿಲ್ಲ. ಬ್ಯಾಂಕಿನಲ್ಲಿದ್ದ ಹಾಲು ಸಂಜೆಯವರೆಗೂ ಸಾಲುವುದಿಲ್ಲ. ಹೊಳೆಯಾಚೆಯ ಬಡಾವಣೆಯ ತಾಯಿಯೊಬ್ಬಳ ಮನೆಯ ಫ್ರಿಜ್ಜಿನಲ್ಲಿ ಸಾಕಷ್ಟು ಇದೆಯಂತೆ. "ಈಗಲೇ ಹೋಗಿ ತರ್ತೀರಾ ಅಕ್ಕ? ತಣ್ಣಗೇ ಬರ್ಬೇಕು."

ಬ್ಯಾಟರಿ ಅರ್ಧ ಮಾತ್ರ ತುಂಬಿತ್ತು. ಅಳಿಯ ಕ್ಲಿಪ್ ಕಿತ್ತು, ಸ್ಕೂಟರಿನ ಮೇಲೆ ಬ್ಯಾಟರಿಯನ್ನೂ ಅತ್ತೆಯನ್ನೂ ಹೇರಿಕೊಂಡು ಮನೆಗೆ ಹಾರಿದ. ಬಾಗಿಲಲ್ಲಿ ನಿಂತಿದ್ದ ಮಗಳು, ಅಮ್ಮ ಗಂಡನ ಬೆನ್ನು ಹಿಡಿದು ಕೂತು ಬರುವುದನ್ನು ಕಂಡು ಕೈಲಿದ್ದ ಎಣ್ಣೆ ಬಟ್ಟಲನ್ನು ಕೆಳಗೆ ಬಿಟ್ಟಳು. ವಿವರಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ಅವನು ಬ್ಯಾಟರಿ ಕೂರಿಸಿ, ಮೀಟರ್ ಹಿಡಿದು ಪಕ್ಕದ ಸೀಟಿಗೆ ಹತ್ತಿದ.

ಹಾಲು ತುಂಬಿಕೊಂಡದ್ದು ಸುಲಭವಾಗಿಯೇ ಆಯಿತು. ವಾಪಸು ಬರುವಾಗ ರೈಲ್ವೆ ಗೇಟ್ ಹಾಕಿತ್ತು. ಮುಂದೆ ವಾಹನಗಳ ಉದ್ದ ಸಾಲು. ಆಕೆ ಇಂಜಿನ್ ನಿಲ್ಲಿಸದೆ ಕಾದಳು. ಅಳಿಯ ಮೀಟರ್ ನೋಡುತ್ತಿದ್ದ.

"ಇಳೀತಾ ಇದೆ ಅತ್ತೆ."

"ಇಂಜಿನ್ ಆನ್ ಇದೆಯಲ್ಲ?"

"ನಿಂತಲ್ಲೇ ತಿರುಗೋ ಇಂಜಿನ್ನಿಗೆ ಬ್ಯಾಟರಿ ತುಂಬಿಸೋ ಡೈನಮೋ ಜೋರಾಗಿ ತಿರುಗಲ್ಲ. ಪೆಟ್ಟಿಗೆ ಬಾಗಿಲು ತೆಗೀತಿಲ್ಲ."

ಆಕೆ ಮೀಟರನ್ನು ಇಸಿದುಕೊಂಡು ತಾನೇ ನೋಡಿದಳು, ತಟ್ಟಿ ನೋಡಿದಳು. ಅಂಕಿ ಮತ್ತೂ ಇಳಿಯಿತು. ಇಲ್ಲೇ ಕಾದರೆ ಗೇಟ್ ಯಾವಾಗ ತೆರೆಯುವುದೋ ಗೊತ್ತಿಲ್ಲ. ಹಿಂದೆ ತಿರುಗಿದರೆ ಹೆದ್ದಾರಿಯಿದೆ. ಅದು ಊರನ್ನೇ ಸುತ್ತಿ ಬರುವ ದಾರಿ, ಎರಡು ಪಾಲು ದೂರ. ಇವನ ಮಾತು ನಿಜವಾದರೆ ದೂರದ ದಾರಿಯೇ ಹಾಲನ್ನು ಕಾಯುತ್ತದೆ, ಸುಳ್ಳಾದರೆ ದಾರಿಯಲ್ಲೇ ಎಲ್ಲ ಕೆಡುತ್ತದೆ. ಆಕೆ ಅಳಿಯನ ಮುಖವನ್ನು ಪೂರ್ತಿಯಾಗಿ ನೋಡಿದಳು. ಮದುವೆಯಾದಾಗಿನಿಂದ ಹಾಗೆ ನೋಡಿರಲಿಲ್ಲ.

"ಓಡಿದ್ರೆ ತುಂಬುತ್ತೆ, ಅಲ್ವಾ?"

"ತುಂಬುತ್ತೆ ಅತ್ತೆ."

"ತುಂಬದಿದ್ರೆ ನಿಮಗಿದೆ," ಎಂದು ಸ್ಟೇರಿಂಗ್ ಪೂರ್ತಿ ತಿರುಗಿಸಿದಳು. ಹಿಂದಿನವರು ಬೈದರು, ಹಾರ್ನ್ ಹೊಡೆದರು. ಹೆದ್ದಾರಿಗೆ ಬಿದ್ದ ಮೇಲೆ ಆಕೆ ಆ ಹಳೆಯ ವ್ಯಾನನ್ನು ಅದು ಎಂದೂ ಓಡದ ಹಾಗೆ ಓಡಿಸಿದಳು. ಕಿಟಕಿಯ ಗಾಜುಗಳು ಗಡಗಡ ಅಂದವು. ಅಳಿಯ ಮೀಟರಿನಿಂದ ಕಣ್ಣು ತೆಗೆಯಲಿಲ್ಲ. ಅಂಕಿ ಎಷ್ಟೆಂದು ಕೇಳಲು ಆಕೆಗೆ ಹೆದರಿಕೆಯಿತ್ತು. ಆಮೇಲೆ ಸೀಟಿನ ಹಿಂದೆ ಕಪ್ಪು ಪೆಟ್ಟಿಗೆ ಟಕ್ ಅಂದಿತು.

"ತೆಗೀತು!" ಎಂದು ಅವನು ಕೂಗಿದ. "ಏರ್ತಿದೆ ಅತ್ತೆ, ಏರ್ತಿದೆ!"

"ಸುಳ್ಳು ಹೇಳ್ಬೇಡಿ."

"ನೀವೇ ನೋಡಿ!"

"ನಾನು ರಸ್ತೆ ನೋಡ್ಲಾ, ಅದನ್ನ ನೋಡ್ಲಾ?" ಎಂದಳು.

ವಾರ್ಡಿನ ಬಾಗಿಲಲ್ಲಿ ಸಿಸ್ಟರ್ ಫ್ರಿಜ್ ತೆರೆದು ತನ್ನದೇ ಥರ್ಮಾಮೀಟರ್ ಇಟ್ಟಳು. ಅತ್ತೆ ಅಳಿಯ ಇಬ್ಬರೂ ಅವಳ ಹೆಗಲ ಮೇಲಿಂದ ಇಣುಕಿದರು. ಅಂಕಿ ನಾಲ್ಕನ್ನು ದಾಟಿರಲಿಲ್ಲ. ಸಿಸ್ಟರ್ ತಲೆಯಾಡಿಸಿ ಬಾಟಲಿಗಳನ್ನು ಎತ್ತಿಕೊಂಡು ಒಳಗೆ ಓಡಿದಳು. ಹಿಂದೆ ಬಂದ ಆಯಾ ಗಾಜಿನ ಕಿಟಕಿಯ ಹತ್ತಿರ ಅವರಿಬ್ಬರನ್ನು ಕರೆದೊಯ್ದು ತೋರಿಸಿದಳು. ಮೂರು ಪೆಟ್ಟಿಗೆ, ಮೂರರಲ್ಲೂ ಅಂಗೈಯಲ್ಲಿ ಹಿಡಿಸುವಂಥ ಜೀವ. ಒಂದರ ಮೂಗಿನ ನಳಿಗೆಯಲ್ಲಿ ಹಾಲು ಹನಿಹನಿಯಾಗಿ ಇಳಿಯುತ್ತಿತ್ತು. ಗುಮಾನಿಯಕ್ಕ ಇಷ್ಟು ವರ್ಷ ಹಾಲು ತಂದಿದ್ದರೂ ಕುಡಿಯುವವರನ್ನು ನೋಡಿರಲಿಲ್ಲ. ಬಹಳ ಹೊತ್ತು ನಿಂತಳು. ಅಳಿಯ ಆಚೆ ತಿರುಗಿ ಕಣ್ಣೊರೆಸಿಕೊಂಡದ್ದು ಆಕೆಗೆ ಕಂಡಿತು. ಕಾಣದವಳಂತೆ ಇದ್ದಳು.

ಆ ಮೂವರಲ್ಲಿ ಇಬ್ಬರು ತಾಯಿಯೊಡನೆ ಬೇಗ ಮನೆಗೆ ಹೋದರು. ಮೂರನೆಯದು ಬಹಳ ದಿನ ಹಟ ಹಿಡಿದು, ಕೊನೆಗೆ ಅದೂ ಮನೆ ಸೇರಿತು.

ಸೋಲಾರ್ ಹಲಗೆ ಮುಂದಿನ ವಾರ ಬಂತು. ಅಳಿಯ ಅದನ್ನು ವ್ಯಾನಿನ ನೆತ್ತಿಗೆ ಕೂರಿಸಿ, ಇನ್ನು ಗಾಡಿ ನಿಂತಿದ್ದರೂ ಬ್ಯಾಟರಿ ತುಂಬುತ್ತದೆ ಎಂದ. ಗುಮಾನಿಯಕ್ಕ ಒಳಗೆ ಹೋಗಿ ಒಂದು ಕಂಬಳಿ ತಂದಳು. ಕುರ್ಚಿ ಹತ್ತಿ ಹಲಗೆಯ ಮೇಲೆ ಹೊದಿಸಿ, "ಈಗ ನೋಡಿ ಹೇಳಿ," ಎಂದಳು. ಅಂಕಿ ಇಳಿಯಿತು. ಕಂಬಳಿ ತೆಗೆದಳು, ಏರಿತು. ಮತ್ತೆ ಹೊದಿಸಿದಳು. ಎದುರು ಅಂಗಡಿಯಲ್ಲಿ ಟೈಲರ್ ಮಿಷನ್ ನಿಲ್ಲಿಸಿ ನೋಡುತ್ತಿದ್ದ.

"ಸಾಕಾ ಅತ್ತೆ?" ಎಂದ ಅಳಿಯ, ನಗು ತಡೆದುಕೊಂಡು.

"ಮೋಡ ಬಂದ್ರೆ?"

"ಮೋಡ ಬಂದ್ರೆ ಕಮ್ಮಿಯಾಗುತ್ತೆ. ಪೂರ್ತಿ ನಿಲ್ಲಲ್ಲ."

ಆಕೆ ಕಂಬಳಿಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು, ಕುರ್ಚಿಯ ಮೇಲೆ ನಿಂತೇ ಆಕಾಶವನ್ನು ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ದಿಟ್ಟಿಸಿದಳು. ಬಡಗಣ ಮೂಲೆಯಲ್ಲಿ ಹತ್ತಿಯಷ್ಟು ಬೆಳ್ಳಗೆ ಏನೋ ಇತ್ತು.

"ಅದು ಯಾವ ಕಡೆ ಹೋಗ್ತಿದೆ, ಸ್ವಲ್ಪ ನೋಡಿ ಹೇಳಿ," ಎಂದಳು ಅಳಿಯನಿಗೆ.